ಡಿಸೆಂಬರ್ ಮಂಜಿಗೆ ಸುಟ್ಟ ಬೋರ್ಡು

ನಾನು ಮೋಟಾರ್ ಡ್ರೈವ್‌ಗಳಿಗೆ, ಅಂದ್ರೆ ಮೋಟಾರ್ ಓಡಿಸೋ ಕಂಟ್ರೋಲ್ ಡಬ್ಬಿಗಳಿಗೆ, ಪಿಸಿಬಿ (ಒಳಗಿನ ಸರ್ಕ್ಯೂಟ್ ಬೋರ್ಡ್) ಡಿಸೈನ್ ಮಾಡೋನು. ಸೋಮವಾರಪೇಟೆ ಕಡೆ ಒಂದು ಕಾಫಿ ತೋಟದಲ್ಲಿ ಪಲ್ಪರ್‌ಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್) ನೀರೆತ್ತೋ 5 ಎಚ್‌ಪಿ ಪಂಪಿಗೆ ನಮ್ಮ ಡ್ರೈವ್ ಹಾಕಿದ್ವಿ, ಒಂದೇ ಸೀಸನ್ನಲ್ಲಿ ಎರಡು ಬೋರ್ಡ್ ಢಂ ಅಂದ್ವು.

ಹೈ ಪವರ್ ಅಂದ ಕೂಡ್ಲೇ ನನ್ನ ತಲೆ ಓಡೋದು ಬಿಸಿ ಕಡೆಗೇ. 35 ಮೈಕ್ರಾನ್ ಕಾಪರ್‌ನಲ್ಲಿ 4 ಮಿ.ಮೀ. ಅಗಲ 100 ಮಿ.ಮೀ. ಉದ್ದದ ಟ್ರ್ಯಾಕ್ (ಬೋರ್ಡ್ ಮೇಲೆ ಕರೆಂಟ್ ಹರಿಯೋ ತಾಮ್ರದ ಗೆರೆ) ಅಂದ್ರೆ ಹತ್ರಹತ್ರ 12 ಮಿಲಿಓಮ್, 10 ಆಂಪ್ ಹರಿದ್ರೆ ಅದೊಂದೇ 1.2 ವಾಟ್ ಕಾಯುತ್ತೆ, ಅದಕ್ಕೇ 70 ಮೈಕ್ರಾನ್ ಹಾಕಿ ಲ್ಯಾಬಲ್ಲಿ ಎಸಿ ಕೆಳಗೆ ಇಡೀ ದಿನ ಓಡ್ಸಿ ನೋಡಿದ್ದೆ, ಏನೂ ಆಗಿರ್ಲಿಲ್ಲ.

ದಾರಿ ತೋರ್ಸಿದ್ದು ತೋಟದ ಎಲೆಕ್ಟ್ರಿಷಿಯನ್ನು. "ಮಧ್ಯಾಹ್ನ ಹಾಕಿದ್ರೆ ಎಂತದೂ ಆಗುದಿಲ್ಲ ಸಾರ್, ಬೆಳಗ್ಗೆ ಆರಕ್ಕೆ ಹಾಕಿದ್ರೆ ಮಾತ್ರ."

ಅಲ್ಲೇ ಕೆಲಸದವರ ಲೈನ್ ಮನೇಲಿ ಮಲಗಿ ಬೆಳಗ್ಗೆ ಆರಕ್ಕೆ ಡಬ್ಬಿ ತೆಗೆದ್ರೆ, ಹೊಸದಾಗಿ ಹಾಕಿದ್ದ ಮೂರನೇ ಬೋರ್ಡ್ ಮೇಲೆಲ್ಲ ಸಣ್ಣ ಸಣ್ಣ ನೀರಿನ ಹನಿ, ಹೊರಗಡೆ ಕಾಫಿ ಎಲೆ ಮೇಲೆ ಇದ್ದ ಹಾಗೇ. ಸುಟ್ಟ ಎರಡನ್ನೂ ಪಕ್ಕದಲ್ಲಿಟ್ಟು ನೋಡ್ದೆ: ಟ್ರ್ಯಾಕ್ ಚೆನ್ನಾಗೇ ಇದೆ, ಪ್ಲಸ್ ಪ್ಯಾಡಿಂದ (ಸೋಲ್ಡರ್ ಮಾಡೋ ತಾಮ್ರದ ಜಾಗ) ಮೈನಸ್ ಪ್ಯಾಡಿಗೆ ಬೇರು ಬಿಟ್ಟ ಹಾಗೆ ಒಂದು ಕಪ್ಪು ಗೆರೆ, ಸುತ್ತ ಸೋಲ್ಡರ್ ಮಾಡುವಾಗ ಹಚ್ಚೋ ಫ್ಲಕ್ಸ್ ಅಂಟು ಬಿಳಿ ಬಿಳಿಯಾಗಿ ಹಾಗೇ ಇದೆ. ಅಂದ್ರೆ ಸುಟ್ಟಿದ್ದು ಬಿಸಿಗಲ್ಲ, ಆ ಕೊಳೆ ಮೇಲೆ ನೀರು ಕೂತು ಪ್ಯಾಡಿಂದ ಪ್ಯಾಡಿಗೆ ಕರೆಂಟ್ ಹರಿದಿದ್ದಕ್ಕೆ.

415 ವೋಲ್ಟ್ ತ್ರೀ ಫೇಸ್ ರೆಕ್ಟಿಫೈ ಆದ್ರೆ ಡಿಸಿ ಸುಮಾರು 587 ವೋಲ್ಟ್. ಆ ಎರಡು ಪ್ಯಾಡ್ ಮಧ್ಯೆ ನಾನು ಬಿಟ್ಟಿದ್ದ ಜಾಗ 3 ಮಿ.ಮೀ. ಕಿಡಿ ಗಾಳಿಯಲ್ಲಿ ಹಾರೋ ದೂರ ಬೇರೆ, ಕರೆಂಟ್ ಬೋರ್ಡಿನ ಮೈಮೇಲೆ ಹರಿಯೋ ದೂರ ಬೇರೆ, ಈ ಎರಡನೇದಕ್ಕೇ ಕ್ರೀಪೇಜ್ ಅನ್ನೋದು. ಇನ್ಸುಲೇಶನ್‌ಗೆ ಇರೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 60664ರ ಟೇಬಲ್‌ನಲ್ಲಿ 587ಕ್ಕಿಂತ ಮೇಲಿನ ಸಾಲಾದ 630 ವೋಲ್ಟಿಗೆ, ಮಾಮೂಲಿ ಎಫ್‌ಆರ್4 (ಬೋರ್ಡ್ ಮಾಡೋ ಗ್ಲಾಸ್ ಫೈಬರ್ ಹಾಳೆ) ಮೇಲೆ ಪಲ್ಯೂಶನ್ ಡಿಗ್ರಿ (ಕೊಳೆ, ತೇವ ಎಷ್ಟಿದೆ ಅನ್ನೋ ಮಟ್ಟ) 2ಕ್ಕೇ 6.3 ಮಿ.ಮೀ. ಬೇಕು, ಹಿಂಗೆ ನೀರು ಕೂರೋ ಜಾಗ ಡಿಗ್ರಿ 3, ಅಲ್ಲಿಗೆ 10 ಮಿ.ಮೀ. ನಾನು ಕೊಡಗಿನವನೇ, ಮಂಜು ಗೊತ್ತಿಲ್ಲದವನಲ್ಲ, ಆದ್ರೂ ಬೆಂಗಳೂರಲ್ಲಿ ಕೂತು ಡಿಸೈನ್ ಮಾಡುವಾಗ ನೆನಪಾಗಿಲ್ಲ ನೋಡಿ.

ಹೊಸ ಬೋರ್ಡಲ್ಲಿ ಪ್ಯಾಡ್ ದೂರ ಸರಿಸಿ, ಮೈಮೇಲೆ ಹರಿಯೋ ದಾರಿ ಕಡಿಯೋಕೆ ಮಧ್ಯದಲ್ಲಿ 2 ಮಿ.ಮೀ. ಸ್ಲಾಟ್ (ಸೀಳು) ಕೊರೆಸ್ದೆ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಶ್‌ನಲ್ಲಿ ಚೆನ್ನಾಗಿ ತಿಕ್ಕಿ ತೊಳೆದು ಒಣಗಿಸಿ ಆಮೇಲೆ ತೇವ ತಾಗದ ಹಾಗೆ ಕೋಟಿಂಗ್, ಯಾಕಂದ್ರೆ ಫ್ಲಕ್ಸ್ ಮೇಲೇ ಕೋಟಿಂಗ್ ಬಳಿದ್ರೆ ಕೊಳೆ ಒಳಗೇ ಉಳಿಯುತ್ತೆ. ರಾತ್ರಿಯೆಲ್ಲ ಡಬ್ಬಿ ಬೆಚ್ಚಗಿರೋಕೆ ಒಂದು 10 ವಾಟ್ ರೆಸಿಸ್ಟರ್ ಇಟ್ಟು, ನೀರಿಳಿಯೋಕೆ ತಳದಲ್ಲಿ ತೂತು ಹೊಡೆದ್ವಿ. ಬೋರ್ಡ್ ಆಮೇಲೆ ಸುಟ್ಟಿಲ್ಲ, ಆದ್ರೆ ಬೆಚ್ಚಗಿದೆ ಅಂತ ಆ ತೂತಿಂದ ಇರುವೆ ನುಗ್ತಿವೆ, ಮುಂದಿನ ಸಲ ಹೋಗುವಾಗ ಜಾಲರಿ ತಗೊಂಡು ಹೋಗ್ಬೇಕು.