ಆ 8,000 ರೂಪಾಯಿಯಲ್ಲಿ ಮಿಕ್ಸಿ

ಜೂನ್ 14, 2025, ಶನಿವಾರ
ನಿಟುವಳ್ಳಿ, ದಾವಣಗೆರೆ

ಎರಡನೇ ಶನಿವಾರ, ಅಮ್ಮನ ಜೊತೆ ಬೇರೆ ಇರುವ ತಮ್ಮನ ಮಗಳು ಪುಟ್ಟಿ ಬರುವ ದಿನ. ತಮ್ಮ ಅವಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಹನ್ನೊಂದಕ್ಕೆಲ್ಲ ಬಂದ. ಕೈಯಲ್ಲಿ ಮಂಡಕ್ಕಿ, ಮಿರ್ಚಿ ಪೊಟ್ಟಣ. ಮುಖ ಮಾತ್ರ ಗಂಟು.

ಪುಟ್ಟಿ ಅವ್ವನ ಹಿಂದೆ ಹಿತ್ತಲಿಗೆ ಹೋಗಿದ್ದೇ ತಡ, ಶುರು ಮಾಡಿದ. "ಅಕ್ಕಾ, ನಾನು ತಿಂಗಳಿಗೆ 8,000 ಕೊಡೋದು ಮಗಳಿಗೆ. ಅವಳಮ್ಮ ಅದ್ರಲ್ಲಿ ಮಿಕ್ಸಿ ತಗೊಂಡಿದ್ದಾಳೆ!"

ನನಗೆ ನಗು ಬಂತು. ದಿನಾ ಡಬ್ಬಿಗೆ ಹಾಕುವ ಚಟ್ನಿ ಎಲ್ಲಿ ರುಬ್ಬಬೇಕಂತೆ?

ಜೀವನಾಂಶ ಅಂದರೆ ಫೀಜು, ನೋಟ್‌ಬುಕ್ಕು, ಯೂನಿಫಾರ್ಮು ಅಷ್ಟೇ ಅಂತ ಇವನ ಲೆಕ್ಕ. ಇವನ ಜೊತೆ ಕೋರ್ಟಿಗೆ ಅಲೆದು ಅಲೆದು ನನಗೇ ಬಾಯಿಪಾಠ ಆಗಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲೇ ಊಟ, ಬಟ್ಟೆ, ವಾಸ, ಓದು, ಔಷಧೋಪಚಾರ ಎಲ್ಲಾ ಸೇರಿದೆ. 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಟ್ಯೂಷನ್ನನ್ನೂ ಸೇರಿಸಿತು. ಹಾಗಂತ ದುಂದು ಆಗಬಾರದು ಅಂತಲೂ ಹೇಳಿತು. ತಾಯಿಗೂ ಸಾಕಷ್ಟು ಸಂಬಳ ಇದ್ದರೆ ಖರ್ಚು ಹಂಚಿಕೊಳ್ಳಬಹುದು. ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕಾಗಿ ಬಂದಿದ್ದು ಅದೇ ತೀರ್ಪಿನಿಂದ. ಆವತ್ತು ಇವನು ಸ್ಕೂಟರಿನ ಕಂತನ್ನೂ ಬಿಡದೆ ಬರೆದಿದ್ದ!

ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಆ "ವಾಸ" ಅನ್ನೋ ಪದ. ಬಾಡಿಗೆ ಅವಳದ್ದು, ನನಗ್ಯಾಕೆ ಅಂತಾನೆ. ಅಲ್ಲಪ್ಪಾ, ಮಗು ಇಲ್ಲದಿದ್ದರೆ ಅವಳು ಯಾವುದೋ ಪಿಜಿಯಲ್ಲಿ ಇದ್ದುಬಿಡುತ್ತಿದ್ದಳು. ಎರಡು ರೂಮಿನ ಮನೆ, ನೀರಿನ ಬಿಲ್ಲು, ಓದೋಕೆ ಲೈಟು, ಎಲ್ಲಾ ಯಾರಿಗೆ?

ಹಳೇ ಕರೆಂಟ್ ಬಿಲ್ಲಿನ ಹಿಂದೆ ಅವನ ಕೈಯಲ್ಲೇ ಬರೆಸಿದೆ. ಅರ್ಧ ಬಾಡಿಗೆ 3,500. ವರ್ಷದ ಫೀಜನ್ನು ಹನ್ನೆರಡರಿಂದ ಭಾಗಿಸಿದರೆ 2,500. ವ್ಯಾನಿಗೆ 1,200. ಟ್ಯೂಷನ್ 800. ಹಾಲು 700. ಅರ್ಧ ಸಿಲಿಂಡರ್ 450. ಕೂಡಿದರೆ 9,150. ಅಕ್ಕಿ, ಬೇಳೆ, ಜ್ವರದ ಔಷಧಿ ಇನ್ನೂ ಬಂದೇ ಇಲ್ಲ. ಪೆನ್ನು ಕೆಳಗಿಟ್ಟ.

ಅವಳಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ. ಅವಳು ಆಡಿದ ಮಾತು ನಾನು ಮರೆತಿಲ್ಲ. ಆದರೂ ಆ ಮಿಕ್ಸಿಯ ವಿಷಯದಲ್ಲಿ ನಾನು ಅವಳ ಕಡೆ.

ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದ. "ಮೊನ್ನೆ ಫ್ರಾಕ್ ಕೊಡಿಸಿದ್ನಲ್ಲಾ, 1,200. ಈ ತಿಂಗಳು 6,800 ಹಾಕ್ಲಾ?"

"ಅದು ನೀನು ಪ್ರೀತಿಯಿಂದ ಕೊಡಿಸಿದ್ದು. ನೀನಾಗೇ ವಜಾ ಹಾಕ್ಕೊಳ್ಳೋ ಹಾಗಿಲ್ಲ ಅಂತ ವಕೀಲರು ಹೇಳಿರ್ಲಿಲ್ವಾ? ಪೂರ್ತಿ ಹಾಕು. ಕೈಯಲ್ಲಿ ಕೊಡಬೇಡ, ಬ್ಯಾಂಕಿಗೇ ಹಾಕು. ನಾಳೆ ಕೊಟ್ಟಿಲ್ಲ ಅಂದ್ರೆ ನಿನ್ನ ಹತ್ರ ಏನಿರುತ್ತೆ?"

ಗೊಣಗಿಕೊಂಡೇ ಫೋನ್ ತೆಗೆದ. ಅಷ್ಟರಲ್ಲಿ ಪುಟ್ಟಿ ಒಳಗೆ ಬಂದು ಅವನ ಪಾಲಿನ ಮಿರ್ಚಿಗೂ ಕೈ ಹಾಕಿದಳು.