ಗ್ರಿಲ್‌ಪಾರ್ಟ್ಸರ್ ಸಾಹೇಬರ ಆಫೀಸಲ್ಲಿ ಒಂದು ದಿನ

ವಿಯೆನ್ನಾದಲ್ಲಿ ಆಸ್ಟ್ರಿಯನ್ ಸಾಹಿತ್ಯದ ಮೇಲೆ ಪಿಎಚ್‌ಡಿ ಮಾಡ್ತಿದೀನಿ ಅಂದ್ರೆ ಊರಲ್ಲಿ ಎಲ್ರೂ ಕೇಳೋದು ಒಂದೇ, ಅಲ್ಲಿ ಮಾತಾಡೋದು ಜರ್ಮನ್ ತಾನೇ, ಹಂಗಾದ್ರೆ ಅದು ಜರ್ಮನ್ ಸಾಹಿತ್ಯ ಅಲ್ವಾ, ಅದಕ್ಕೊಂದು ಬೇರೆ ಹೆಸರು ಯಾಕೆ ಅಂತ. ತಮಾಷೆ ಏನಂದ್ರೆ ಇಲ್ಲಿನ ಪ್ರೊಫೆಸರ್‌ಗಳೂ ಅದೇ ಪ್ರಶ್ನೆ ಇಟ್ಕೊಂಡು ಇನ್ನೂ ಜಗಳಾಡ್ತಿದಾರೆ. ಲೇಖಕರಾದ ಕಾಫ್ಕಾ, ರಿಲ್ಕೆ ಇಬ್ರೂ ಹುಟ್ಟಿದ್ದು ಪ್ರಾಗ್‌ನಲ್ಲಿ, ಕಾದಂಬರಿಕಾರ ಯೋಸೆಫ್ ರೋಟ್ ಹುಟ್ಟಿದ ಬ್ರೋಡಿ ಈಗ ಉಕ್ರೇನ್‌ನಲ್ಲಿದೆ, ಆಗ ಇವೆಲ್ಲ ಹಾಬ್ಸ್‌ಬರ್ಗ್ ರಾಜಮನೆತನ ಆಳ್ತಿದ್ದ ಸಾಮ್ರಾಜ್ಯದ ಊರುಗಳು, ಇವತ್ತಿನ ಮ್ಯಾಪ್ ಹಿಡ್ಕೊಂಡು ಹುಡುಕೋಕೆ ಹೊರಟ್ರೆ ದೊಡ್ಡ ದೊಡ್ಡವರೇ ಕೈ ತಪ್ಪಿ ಹೋಗ್ತಾರೆ. ಇಟಲಿಯ ಕ್ಲೌದಿಯೊ ಮಾಗ್ರಿಸ್ 1963ರಲ್ಲೇ ಹಾಬ್ಸ್‌ಬರ್ಗ್ ಮಿಥ್ ಬಗ್ಗೆ ಪುಸ್ತಕ ಬರೆದು, ಸಾಮ್ರಾಜ್ಯ ಹೋದ್ರೂ ಈ ಲೇಖಕರ ತಲೆಯಿಂದ ಅದು ಹೋಗ್ಲಿಲ್ಲ ಅಂತ ವಾದ ಮಾಡಿದ್ರು. ಒಪ್ಕೋತೀನಿ, ಆದ್ರೆ ಓದ್ತಾ ಓದ್ತಾ ನನ್ನ ಕಣ್ಣಿಗೆ ಬೀಳೋದು ಚಕ್ರವರ್ತಿ ಅಲ್ಲ, ಚಕ್ರವರ್ತಿಯ ಗುಮಾಸ್ತರು.

ಇದನ್ನ ನನ್ನ ಗೈಡ್ ಮೇಡಂಗೆ ಹೇಳ್ದಾಗ ಅವರು ಹೌದು ಅನ್ಲಿಲ್ಲ ಅಲ್ಲ ಅನ್ಲಿಲ್ಲ, ಶುಕ್ರವಾರ ಯೊಹಾನೆಸ್‌ಗಾಸೆಗೆ ಬನ್ನಿ ಅಲ್ಲೇ ಮಾತಾಡೋಣ ಅಂದ್ರು.

ಯೊಹಾನೆಸ್‌ಗಾಸೆ ಅಂದ್ರೆ ಕೆರ್ಂಟ್ನರ್ ರಸ್ತೆಯ ಜನಜಂಗುಳಿ ಬಿಟ್ಟು ಪಕ್ಕಕ್ಕೆ ತಿರುಗಿದ್ರೆ ಸಿಗೋ ಬೀದಿ. ಅಲ್ಲಿ 6ನೇ ನಂಬರ್ ಕಟ್ಟಡದಲ್ಲಿ ನ್ಯಾಷನಲ್ ಲೈಬ್ರರಿಯವರು 2015ರಲ್ಲಿ ಸಾಹಿತ್ಯ ಮ್ಯೂಸಿಯಂ ತೆರೆದಿದ್ದಾರೆ. ಆದ್ರೆ ಅದನ್ನ ಕಟ್ಟಿದ್ದು ಸಾಹಿತ್ಯಕ್ಕಲ್ಲ, 1840ರ ದಶಕದಲ್ಲಿ ಅರಮನೆ ಖಜಾನೆಯ ದಾಖಲೆ ಇಡೋಕೆ ಅಂತಲೇ ಕಟ್ಟಿದ್ದು, ಅಂದ್ರೆ ಫೈನಾನ್ಸ್ ಡಿಪಾರ್ಟ್‌ಮೆಂಟಿನ ರೆಕಾರ್ಡ್ ರೂಮು. ಒಳಗೆ ಹೋದ್ರೆ ಆ ಕಾಲದ ಮರದ ರ‍್ಯಾಕ್‌ಗಳು ಹಂಗೇ ನಿಂತಿವೆ, ಕಂದಾಯದ ಕಟ್ಟು ಇದ್ದ ಜಾಗದಲ್ಲಿ ಈಗ ಲೇಖಕರ ಹಸ್ತಪ್ರತಿ, ಕಾಗದಪತ್ರ, ಫೋಟೋ. ನಮ್ಮಪ್ಪ ತಾಲ್ಲೂಕು ಆಫೀಸಲ್ಲಿ ಕೆಲಸ ಮಾಡ್ತಿದ್ದಾಗ ಕೆಂಪು ಬಟ್ಟೆಯ ಗಂಟುಗಳ ಮಧ್ಯೆ ನಿಂತಿರ್ತಿದ್ದಿದ್ದು ನೆನಪಾಯ್ತು, ಇಲ್ಲಿ ಧೂಳು ಮಾತ್ರ ಇಲ್ಲ.

ಈ ರೆಕಾರ್ಡ್ ರೂಮಿಗೆ ಸಾಹೇಬರು ಯಾರಪ್ಪಾ ಅಂದ್ರೆ ಫ್ರಾನ್ಸ್ ಗ್ರಿಲ್‌ಪಾರ್ಟ್ಸರ್, ಆಸ್ಟ್ರಿಯಾದವರು ತಮ್ಮ ದೊಡ್ಡ ನಾಟಕಕಾರ ಅಂತ ಹೇಳ್ಕೊಳ್ಳೋರು. ಈ ಕಟ್ಟಡ ಏಳೋಕೆ ಮುಂಚೆಯೇ, 1832ರಿಂದ 1856ರವರೆಗೆ ಈ ಖಜಾನೆ ಆರ್ಕೈವಿನ ಡೈರೆಕ್ಟರ್. ಅವರ ಆಫೀಸ್ ರೂಮನ್ನ ಹಳೇ ಪೀಠೋಪಕರಣದ ಸಮೇತ ಹಂಗೇ ಇಟ್ಟಿದ್ದಾರೆ. ಬೇರೆ ದೇಶದಲ್ಲಿ ಕವಿ ಹುಟ್ಟಿದ ಮನೆ ತೋರಿಸ್ತಾರೆ, ಇಲ್ಲಿ ಕವಿ ಸಂಬಳಕ್ಕೆ ಕೂತಿದ್ದ ಮೇಜು ತೋರಿಸ್ತಾರೆ ನೋಡಿ, ನನಗಂತೂ ಅದೇ ಇಷ್ಟ ಆಯ್ತು.

ಅಲ್ಲಿ ನಿಂತ್ಕೊಂಡೇ ಮೇಡಂ ಒಂದು ಕತೆ ಹೇಳಿದ್ರು, ಗ್ರಿಲ್‌ಪಾರ್ಟ್ಸರ್ ಆತ್ಮಚರಿತ್ರೆಯಲ್ಲೇ ಇರೋದು. ಒಟ್ಟೊಕಾರ್ ಅನ್ನೋ ರಾಜನ ಮೇಲೆ ಅವರು ಬರೆದ ನಾಟಕ ಸೆನ್ಸಾರ್‌ನವರ ಹತ್ರ ಹೋಗಿ ಎರಡು ವರ್ಷ ಹತ್ತಿರ ಮೇಲೇಳ್ಲೇ ಇಲ್ಲ, ನಾಟಕ ನೋಡಿದ್ರೆ ಹಾಬ್ಸ್‌ಬರ್ಗ್ ಮನೆತನವನ್ನ ಹೊಗಳೋದೇ! ಕೊನೆಗೆ ಮಹಾರಾಣಿಗೆ ಓದೋಕೆ ಏನಾದ್ರೂ ಬೇಕು ಅಂತ ಹುಡುಕಿದಾಗ ಅದು ಹೊರಗೆ ಬಂತು, 1825ರಲ್ಲಿ ಸ್ಟೇಜ್ ಹತ್ತಿತು. ಆಮೇಲೆ ಒಂದಿನ ಗಾಡೀಲಿ ಆ ಸೆನ್ಸಾರ್ ಅಧಿಕಾರಿನೇ ಪಕ್ಕದಲ್ಲಿ ಸಿಕ್ಕಾಗ ಇವರು ಕೇಳೇಬಿಟ್ರಂತೆ, ಅಷ್ಟಕ್ಕೂ ನನ್ನ ನಾಟಕದಲ್ಲಿ ತಪ್ಪೇನು ಕಂಡ್ರಿ ಅಂತ. ಏನೂ ಇಲ್ಲ ಸ್ವಾಮಿ, ಆದ್ರೂ ಯಾರಿಗೆ ಗೊತ್ತು ಅಂತ ಅನ್ನಿಸ್ತು ಅಂದ್ನಂತೆ ಅವನು. ನಾನು ಬಿದ್ದು ಬಿದ್ದು ನಕ್ಕೆ. ಫೈಲಿನ ಮೇಲೆ ಷರಾ ಬರೆಯೋದೂ ಬೇಡ, ಸುಮ್ನೆ ಕಟ್ಟಿನ ಕೆಳಗೆ ಹಾಕಿದ್ರೆ ಆಯ್ತು, ಈ ವಿದ್ಯೆ ಯಾವ ದೇಶದ ಆಫೀಸಲ್ಲಿ ಇಲ್ಲ ಹೇಳಿ.

ಬಡ್ತಿ ವಿಷಯದಲ್ಲೂ ಪಾಪ ಅವರ ಗ್ರಹಚಾರ ಚೆನ್ನಾಗಿರ್ಲಿಲ್ಲ, ಅರಮನೆ ಲೈಬ್ರರಿಯ ಹುದ್ದೆಗೆ ಆಸೆ ಇಟ್ಕೊಂಡಿದ್ರು, ಅದು ಇನ್ನೊಬ್ಬ ನಾಟಕಕಾರನಿಗೆ ಹೋಯ್ತು. ನಮ್ಮ ಮಾಸ್ತಿ ತಮಗಿಂತ ಕಿರಿಯರಿಗೆ ಬಡ್ತಿ ಕೊಟ್ರು ಅಂತ ಮೈಸೂರಿನ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಬಿಸಾಕಿದ್ರು, ಇವರು ಹಂಗೆ ಬಿಡ್ಲಿಲ್ಲ, ರಿಟೈರ್ ಆಗೋವರೆಗೂ ಕೂತ್ರು. 1838ರಲ್ಲಿ ಒಂದು ಕಾಮಿಡಿ ಬುರ್ಗ್‌ಥಿಯೇಟರಲ್ಲಿ ನೆಲಕಚ್ಚಿದ ಮೇಲೆ ಬರೆದ ನಾಟಕಗಳನ್ನ ಡ್ರಾಯರಿಗೆ ಹಾಕಿ ಇಟ್ರು, 1872ರಲ್ಲಿ ತೀರಿಕೊಂಡ ಮೇಲೆ ಮೂರು ಪೂರ್ತಿ ನಾಟಕ ಸಿಕ್ಕಿದ್ವು. ಊರಿನವರ ಫೈಲು ನೋಡ್ಕೊಳ್ಳೋನು ತನ್ನ ನಾಟಕಕ್ಕೂ ಅದೇ ಗತಿ ಮಾಡಿದ ಅನ್ನೋದು ನನ್ನ ವಾದ, ಮೇಡಂಗೆ ಇದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸ್ತು.

ನಾನು ಬಿಡ್ಲಿಲ್ಲ, ಅವರದೇ ಸಣ್ಣ ಕಾದಂಬರಿ ಎತ್ತಿದೆ. ಅದರಲ್ಲಿ ಬಡ ಪಿಟೀಲು ವಾದಕ ಯಾಕೋಬ್ ದೊಡ್ಡ ಅಧಿಕಾರಿಯ ಮಗ, ಪರೀಕ್ಷೇಲಿ ಲ್ಯಾಟಿನ್ ಪದ್ಯದ ಒಂದು ಪದ ಮರೆತಿದ್ದಕ್ಕೆ ಓದೇ ನಿಂತು ಹೋಗಿ ಆಫೀಸಲ್ಲಿ ಕಾಗದ ನಕಲು ಮಾಡೋಕೆ ಕೂರ್ತಾನೆ. ಕೊನೆಗೆ ಡ್ಯಾನ್ಯೂಬ್ ಪ್ರವಾಹದಲ್ಲಿ ಮಕ್ಕಳನ್ನೆಲ್ಲ ಎತ್ಕೊಂಡು ಬಂದು ಉಳಿಸ್ತಾನೆ, ಅದರಿಂದ ಸಾಯಲ್ಲ ಅವನು, ಆಮೇಲೆ ಮತ್ತೆ ನೀರಿಗಿಳಿದಿದ್ದು ಮನೆ ಮಾಲೀಕನ ತೆರಿಗೆ ಪುಸ್ತಕ ಮತ್ತೆ ಒಂದಿಷ್ಟು ದುಡ್ಡು ತರೋಕೆ, ಆ ಥಂಡಿಗೆ ಸತ್ತ. ತೆರಿಗೆ ಪುಸ್ತಕ ರೀ! ಖಜಾನೆ ದಾಖಲೆ ಕಾಯೋ ಕೆಲಸದಲ್ಲಿರೋ ಮನುಷ್ಯ ಬಿಟ್ರೆ ಇಂಥ ಸಾವು ಬೇರೆ ಯಾರಿಗೆ ಹೊಳೀತು. ಈ ಕತೆನ ಕಾಫ್ಕಾ ತನ್ನ ತಂಗಿಗೆ ಗಟ್ಟಿಯಾಗಿ ಓದಿ ಹೇಳಿದ್ದ, ಅವನೂ 1908ರಿಂದ 1922ರವರೆಗೆ ಕಾರ್ಮಿಕರ ಅಪಘಾತ ವಿಮೆ ಆಫೀಸಲ್ಲಿ ನೌಕರಿ ಮಾಡಿದೋನೇ. ರಾಬರ್ಟ್ ಮೂಸಿಲ್ ವಿಯೆನ್ನಾದ ಟೆಕ್ನಿಕಲ್ ಕಾಲೇಜಲ್ಲಿ ಲೈಬ್ರರಿಯನ್ ಆಗಿದ್ದ. ಅವನ ದೊಡ್ಡ ಕಾದಂಬರಿಯಲ್ಲಿ ಒಬ್ಬ ಜನರಲ್ ಸ್ಟೇಟ್ ಲೈಬ್ರರಿಗೆ ನುಗ್ಗಿ, ದಿನಕ್ಕೊಂದು ಪುಸ್ತಕ ಓದಿದ್ರೆ ಎಲ್ಲ ಮುಗಿಸೋಕೆ ಹತ್ತು ಸಾವಿರ ವರ್ಷ ಬೇಕು ಅಂತ ಲೆಕ್ಕ ಹಾಕಿ ಸುಸ್ತಾಗ್ತಾನೆ, ಅಲ್ಲಿನ ಲೈಬ್ರರಿಯನ್ ಹೇಳ್ತಾನೆ, ನಾನು ಕ್ಯಾಟಲಾಗ್ ಬಿಟ್ಟು ಒಳಗಿನದು ಏನೂ ಓದಲ್ಲ, ಅದಕ್ಕೇ ನನಗೆ ಎಲ್ಲ ಪುಸ್ತಕ ಎಲ್ಲಿದೆ ಅಂತ ಗೊತ್ತಿರೋದು ಅಂತ. ರಿಸರ್ಚ್ ಮಾಡೋರು ನಗಬೇಕೋ ಅಳಬೇಕೋ.

ಇಷ್ಟೆಲ್ಲ ಕೇಳಿ ಹೊರಗೆ ಬಂದ ಮೇಲೆ ಮೇಡಂ ಕಾಫಿ ಕುಡೀತಾ ಶುರು ಮಾಡಿದ್ರು, ನಿಮಗೆ ಬೇಕಾದವರನ್ನ ಮಾತ್ರ ಆರಿಸ್ಕೊಂಡಿದೀರಿ, ಕತೆ, ನಾಟಕ ಬರೆದ ಷ್ನಿಟ್ಸ್‌ಲರ್ ಡಾಕ್ಟರು, ಅವರನ್ನ ಎಲ್ಲಿ ಕೂರಿಸ್ತೀರಿ ಅಂತ. ಡಾಕ್ಟರೇ, ಆದ್ರೆ ಮಿಲಿಟರಿ ರಿಸರ್ವ್‌ನಲ್ಲಿ ಹುದ್ದೆ ಇತ್ತಲ್ಲ, 1900ರಲ್ಲಿ ಒಬ್ಬ ಲೆಫ್ಟಿನೆಂಟಿನ ಪೊಳ್ಳು ಮರ್ಯಾದೆ ಬಗ್ಗೆ ಅವರು ಬರೆದ ಕತೆ ಪೇಪರಲ್ಲಿ ಬಂದಿದ್ದೇ ತಡ ಮಾರನೇ ವರ್ಷ ಆ ಹುದ್ದೆನ ಕಿತ್ಕೊಂಡ್ರು, ಅಲ್ಲೂ ಆಫೀಸ್ ಬಂತು ಅಂದೆ. ಸರಿ, ಪೇಟರ್ ಆಲ್ಟೆನ್‌ಬೆರ್ಗ್? ಲೇಖಕ, ಕೆಫೆಯಲ್ಲೇ ಜೀವನ ಕಳೆದೋನು, ಒಂದು ದಿನ ನೌಕರಿಗೆ ಅಂತ ನೆಟ್ಟಗೆ ಹೋಗಿಲ್ಲ ಅಂದ್ರು. ನಾನು ಅದಕ್ಕೆ ರೆಡಿ ಇದ್ದೆ, ನರ ಅತಿ ಸೂಕ್ಷ್ಮ, ಉದ್ಯೋಗಕ್ಕೆ ಲಾಯಕ್ಕಿಲ್ಲ ಅಂತ ಅವನಿಗೆ ಡಾಕ್ಟರೇ ಬರೆದು ಕೊಟ್ಟಿದ್ರಲ್ಲ ಮೇಡಂ, ಈ ದೇಶದಲ್ಲಿ ಕೆಲಸ ಮಾಡದೇ ಇರೋಕೂ ಸರ್ಟಿಫಿಕೇಟ್ ಬೇಕಾಯ್ತು ಅಂದೆ. ಮೇಡಂ ಜೋರಾಗಿ ನಕ್ಕು, ಅವನನ್ನ ಅಡಿಟಿಪ್ಪಣಿಗೆ ಹಾಕಿ, ಚಾಪ್ಟರ್ ಮಾತ್ರ ಗ್ರಿಲ್‌ಪಾರ್ಟ್ಸರ್ ಇಂದಲೇ ಶುರುವಾಗ್ಲಿ ಅಂದ್ರು.