ಅಲಾಯ್ ಚಕ್ರಗಳಿಗೆ ಅಂಚುಪಟ್ಟಿ: ನಾಲ್ಕನೆಯ ಚಕ್ರದವರೆಗಿನ ಕೆಲಸ

ರಸ್ತೆಬದಿಯ ಅಂಚುಗಲ್ಲಿಗೆ ಉಜ್ಜಿ ನನ್ನ ಕಾರಿನ ಎರಡು ಅಲಾಯ್ ಚಕ್ರಗಳ ಹೊರ ಅಂಚು ತರಿದುಹೋಗಿತ್ತು. ಇವು 17 ಇಂಚಿನ ಚಕ್ರಗಳು. ಟೈರಿನ ಪಕ್ಕದ ಗೋಡೆ ಗಿಡ್ಡವಾಗಿದ್ದು ಹೊರಕ್ಕೆ ಹೆಚ್ಚು ಉಬ್ಬದ ಕಾರಣ, ಕಲ್ಲಿಗೆ ರಬ್ಬರ್ ತಾಗುವಷ್ಟರಲ್ಲೇ ಲೋಹವೂ ತಾಗುತ್ತದೆ. ಗಾಯಗಳನ್ನು ಸರಿಪಡಿಸಿ, ನಾಲ್ಕೂ ಚಕ್ರಗಳಿಗೆ ರಕ್ಷಣೆಯ ಅಂಚುಪಟ್ಟಿ ಅಂಟಿಸಬೇಕೆಂದು ನಿರ್ಧರಿಸಿ ಕೆಲಸ ಆರಂಭಿಸಿದೆ.

ಮೊದಲು ಚಕ್ರಗಳನ್ನು ಬಿಚ್ಚಿ, ತೊಳೆದು, ಒಳಬದಿಯನ್ನೂ ಬೆಳಕಿನಲ್ಲಿ ಪರೀಕ್ಷಿಸಿದೆ. ಬಿರುಕಾಗಲಿ ಬಾಗುವಿಕೆಯಾಗಲಿ ಕಂಡಿದ್ದರೆ ಬಣ್ಣದ ಯೋಚನೆಯನ್ನು ಅಲ್ಲಿಗೇ ಕೈಬಿಡುತ್ತಿದ್ದೆ, ಏಕೆಂದರೆ ಅಂಥ ಚಕ್ರಕ್ಕೆ ಪುಟ್ಟಿ ಹಚ್ಚುವುದೆಂದರೆ ಅಪಾಯವನ್ನು ಮುಚ್ಚಿಡುವುದು. ಅದೃಷ್ಟವಶಾತ್ ಇದ್ದದ್ದು ಮೇಲ್ಮೈಯ ತರಚು ಮಾತ್ರ. ಟೈರು ಮತ್ತು ರಿಮ್ಮಿನ ಸಂದಿಗೆ ದಪ್ಪ ಕಾಗದದ ತುಂಡುಗಳನ್ನು ತೂರಿಸಿ, 240, 400, 800ರ ಉಜ್ಜುಕಾಗದಗಳನ್ನು (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಕ್ರಮವಾಗಿ ಬಳಸಿ, ಆಳದ ಗೀರುಗಳಿಗೆ ಪುಟ್ಟಿ ತುಂಬಿ, ಪ್ರೈಮರ್, ಬೆಳ್ಳಿ ಬಣ್ಣ ಮತ್ತು ಕ್ಲಿಯರ್ ಕೋಟ್ (ಮೇಲಿನ ಪಾರದರ್ಶಕ ಲೇಪ) ಇವುಗಳನ್ನು ತೆಳುವಾದ ಪದರಗಳಲ್ಲಿ ಸಿಂಪಡಿಸಿದೆ. ನನ್ನ ಚಕ್ರಗಳು ಪೂರ್ತಿ ಬಣ್ಣ ಬಳಿದವಾದ್ದರಿಂದ ಇದು ಮನೆಯಲ್ಲೇ ಸಾಧ್ಯವಾಯಿತು. ಲೇತ್‌ನಲ್ಲಿ ಕಡೆದ ಹೊಳಪಿನ ಮುಖವಿರುವ ಚಕ್ರಗಳ ಗಾಯವನ್ನು ಹೀಗೆ ಸುತ್ತಲಿನ ಹೊಳಪಿಗೆ ಹೊಂದಿಸಲಾಗದು.

ಮೊದಲ ಚಕ್ರಕ್ಕೆ ಅಂಟಿಸಿದ ಪಟ್ಟಿ ಒಂದೇ ವಾರದಲ್ಲಿ ಎರಡು ಕಡೆ ಎದ್ದಿತು. ತಪ್ಪು ಪಟ್ಟಿಯದಾಗಿರಲಿಲ್ಲ. ಹಿಂದಿನ ತಿಂಗಳುಗಳಲ್ಲಿ ಟೈರಿಗೆ ಹಚ್ಚುತ್ತಿದ್ದ ಸಿಲಿಕೋನ್ ಪಾಲಿಶ್ ಅಂಚಿಗೂ ಹರಡಿಕೊಂಡಿತ್ತು, ಮತ್ತು ಶಾಂಪೂ ತೊಳೆತ ಅದನ್ನು ತೆಗೆದಿರಲಿಲ್ಲ. ಅದರ ಜತೆಗೆ ಪಟ್ಟಿಯನ್ನು ಬಿಗಿಯಾಗಿ ಎಳೆದು ಅಂಟಿಸಿದ್ದೆ. ಹಿಗ್ಗಿದ ಪಟ್ಟಿ ತನ್ನ ಅಳತೆಗೆ ಮರಳಿ ಕುಗ್ಗಿದಾಗ ಜೋಡಣೆಯಲ್ಲಿ ಸಂದು ಬಿಟ್ಟಿತು.

ಆದ್ದರಿಂದ ಎರಡನೆಯ ಬಾರಿ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ, ಪ್ರತಿ ಸಲವೂ ಬಟ್ಟೆಯ ಹೊಸ ಭಾಗವನ್ನು ಬಳಸಿದೆ, ಬಟ್ಟೆ ಬೆಳ್ಳಗೇ ಉಳಿಯುವವರೆಗೂ ನಿಲ್ಲಿಸಲಿಲ್ಲ. ಗಾಳಿ ತುಂಬುವ ವಾಲ್ವ್‌ನ ಎದುರಿನಿಂದ ಪಟ್ಟಿಯನ್ನು ಆರಂಭಿಸಿ, ಸುಮಾರು ಒಂದೂವರೆ ಮೀಟರ್ ಸುತ್ತಳತೆಯುದ್ದಕ್ಕೂ ಎಳೆಯದೆ, ಅಂಗೈಯಗಲದಷ್ಟೇ ಮುಂದುವರಿಸುತ್ತ ಬೆರಳಿನಿಂದ ಒತ್ತಿದೆ. ಪಟ್ಟಿಯ ಹಿಂಬದಿಯಲ್ಲಿರುವ ಇಂಥ ಅಕ್ರಿಲಿಕ್ ಅಂಟು ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ 20 ನಿಮಿಷಕ್ಕೆ ಸುಮಾರು ಅರ್ಧ ಬಲವನ್ನೂ, 24 ಗಂಟೆಗೆ ಸುಮಾರು 90 ಶೇಕಡಾವನ್ನೂ, 72 ಗಂಟೆಗೆ ಪೂರ್ಣ ಬಲವನ್ನೂ ಪಡೆಯುತ್ತದೆ. ಅಲ್ಲಿಯವರೆಗೆ ಕಾರನ್ನು ತೊಳೆಯಲಿಲ್ಲ.

ಅಲಂಕಾರದ ದೃಷ್ಟಿಯಿಂದ ಬೆಳ್ಳಿ ಚಕ್ರಕ್ಕೆ ಗಾಢ ಕೆಂಪು ಪಟ್ಟಿಯನ್ನು ಆರಿಸಿದ್ದೇನೆ. ಕಪ್ಪು ಪಟ್ಟಿ ಟೈರಿನಲ್ಲಿ ಕರಗಿಹೋಗುತ್ತಿತ್ತು, ಮತ್ತು ಕೆಂಪು ಗೆರೆ ನನಗೆ ನಿಜವಾಗಿಯೂ ಇಷ್ಟವಾಗಿದೆ. ಇದು ಬಣ್ಣದ ಮೇಲಿನ ಸಣ್ಣ ತರಚನ್ನು ತಾನು ಹೊರುತ್ತದೆ; ಜೋರಾದ ಗುದ್ದನ್ನು ತಡೆಯುವ ಕವಚವಲ್ಲ.

ಚಕ್ರಗಳನ್ನು ಮರಳಿ ಹಾಕುವಾಗ ನಟ್‌ಗಳನ್ನು ಎದುರುಬದುರಾಗಿ, ಕಾರಿನ ಕೈಪಿಡಿಯಲ್ಲಿರುವ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆಗೆ) ಬಿಗಿದೆ. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದೆ. ಮೂರು ಚಕ್ರಗಳ ಪಟ್ಟಿ ಗಟ್ಟಿಯಾಗಿ ಕುಳಿತಿದೆ. ನಾಲ್ಕನೆಯದನ್ನು ನಿನ್ನೆ ಅಂಟಿಸಿದ್ದು, ಅದರ 72 ಗಂಟೆ ಇನ್ನೂ ಮುಗಿದಿಲ್ಲ.